ಸೀಟಿ ಹಿಡಿದವರೂ ಮಾಸ್ತರರೇ

ಮಳೆಗಾಲ ಅರ್ಧ ಕಳೆಯುತ್ತಿದ್ದಂತೆ ಬೆಳಗಾವಿ ನಗರದ ಹಾಗೂ ಖಾನಾಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಕ್ರೀಡಾಕೂಟಗಳ ಗಡಿಬಿಡಿ ಶುರುವಾಗುತ್ತದೆ. ಮೊದಲು ತಾಲ್ಲೂಕು ಮಟ್ಟ, ಅಲ್ಲಿ ಗೆದ್ದವರಿಗೆ ಜಿಲ್ಲಾ ಮಟ್ಟ, ಆಮೇಲೆ ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ. ಈ ಏಣಿಯ ಮೊದಲ ಮೆಟ್ಟಿಲಿನಲ್ಲಿ ಒಂದು ಪಂದ್ಯ ಸೋತರೆ ಸಾಕು, ಆ ವರ್ಷದ ಆಟ ಮುಗಿದಂತೆಯೇ. ಆದ್ದರಿಂದ ಬಾಸ್ಕೆಟ್‌ಬಾಲ್ ಅಂಗಣದ ಗೆರೆಯ ಆಚೆ ನಿಂತ ಕೋಚ್‌ನ ಎದೆ ಆಟಗಾರರಿಗಿಂತ ಜೋರಾಗಿ ಬಡಿದುಕೊಳ್ಳುವುದು ಸಹಜ. ಅಂಥ ಹೊತ್ತಿನಲ್ಲಿ ರೆಫರಿಯ ಸೀಟಿ ತನ್ನ ತಂಡದ ವಿರುದ್ಧ ಮೊಳಗಿದರೆ ಕೋಚ್ ಏನು ಮಾಡುತ್ತಾನೆ? ಕೈ ಮೇಲೆತ್ತಿ ಕೂಗುತ್ತಾನೆಯೇ, ಗೆರೆ ದಾಟಿ ಒಳನುಗ್ಗುತ್ತಾನೆಯೇ, ಅಥವಾ ಕ್ಷಣ ತಡೆದು ಮುಂದಿನ ಆಟಕ್ಕೆ ಹುಡುಗರನ್ನು ಅಣಿಗೊಳಿಸುತ್ತಾನೆಯೇ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ವರ್ಷವಿಡೀ ಮುಂಜಾನೆ ಆರು ಗಂಟೆಗೆ ಕಲಿಸಿದ ಡ್ರಿಬಲ್, ಪಾಸು, ಶೂಟಿಂಗ್‌ಗಳಿಗಿಂತ ಆಳವಾಗಿ ಹುಡುಗರ ಮನಸ್ಸಿಗೆ ಇಳಿಯುವುದು ಈ ಒಂದು ಕ್ಷಣದ ಪಾಠ. ತಮ್ಮ ವಿರುದ್ಧ ತೀರ್ಪು ಬಂದಾಗ ದೊಡ್ಡವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಬೆಂಚಿನ ಮೇಲೆ ಕುಳಿತ ಹುಡುಗರ ಕಣ್ಣುಗಳು ನೋಡುತ್ತಿರುತ್ತವೆ.

ಬೆಳಿಗ್ಗೆ ಕೋಚ್, ಮಧ್ಯಾಹ್ನ ರೆಫರಿ

ಟಿ.ವಿ.ಯಲ್ಲಿ ಅಮೆರಿಕದ ಎನ್‌ಬಿಎ ಪಂದ್ಯ ನೋಡುವವರಿಗೆ ಕೋಚ್ ಬೇರೆ ಜಾತಿಯವ, ರೆಫರಿ ಬೇರೆ ಜಾತಿಯವ ಎನಿಸಬಹುದು. ಅಲ್ಲಿ ರೆಫರಿಗಿರಿ ಪೂರ್ಣಕಾಲದ ಉದ್ಯೋಗ. ನಮ್ಮ ತಾಲ್ಲೂಕು ಕ್ರೀಡಾಕೂಟದ ಮಾತು ಹಾಗಲ್ಲ. ಇಲ್ಲಿ ಸೀಟಿ ಹಿಡಿದು ನಿಂತವರು ಸಾಮಾನ್ಯವಾಗಿ ಇನ್ನೊಂದು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು. ಬೆಳಿಗ್ಗೆ ತಮ್ಮ ಶಾಲೆಯ ತಂಡಕ್ಕೆ ಕೋಚ್ ಆಗಿ ನಿಂತವರೇ ಮಧ್ಯಾಹ್ನ ಬೇರೆ ಎರಡು ಶಾಲೆಗಳ ಪಂದ್ಯಕ್ಕೆ ರೆಫರಿ ಆಗುತ್ತಾರೆ. ಅಂಕಪಟ್ಟಿ ಬರೆಯುವವರು, ಗಡಿಯಾರ ನೋಡುವವರು ಕೂಡ ಇಂಥವರೇ. ಇವರ ನಡುವೆ ಕೋಚ್-ರೆಫರಿ ಎಂಬ ಗೋಡೆಯೇ ಇಲ್ಲ. ಇರುವುದು ಒಂದೇ ಬಳಗ. ಸರದಿ ಮಾತ್ರ ಬೇರೆ.

ಹೀಗಿರುವಾಗ ಇಂದು ರೆಫರಿಯ ಮೇಲೆ ಕೂಗಾಡಿದ ಕೋಚ್ ನಾಳೆ ತಾನೇ ಸೀಟಿ ಹಿಡಿದಾಗ ಯಾವ ಮುಖದಿಂದ ಶಿಸ್ತು ಕೇಳಿಯಾನು? ಅದಕ್ಕೂ ಮಿಗಿಲಾದ ಮಾತೊಂದಿದೆ. ಬೈಸಿಕೊಳ್ಳುವ ಕೆಲಸಕ್ಕೆ ಯಾರೂ ತಾವಾಗಿ ಮುಂದೆ ಬರುವುದಿಲ್ಲ. ಹೊಸದಾಗಿ ನೇಮಕವಾದ ಯುವ ಶಿಕ್ಷಕನೋ ಶಿಕ್ಷಕಿಯೋ ಮೊದಲ ಪಂದ್ಯದಲ್ಲೇ ಹತ್ತು ಜನರೆದುರು ಅವಮಾನ ಪಟ್ಟರೆ ಮರುವರ್ಷ ಸೀಟಿ ಮುಟ್ಟಲು ಹಿಂಜರಿಯುವುದು ಖಂಡಿತ. ರೆಫರಿ ಸಿಗದಿದ್ದರೆ ಪಂದ್ಯವೇ ಇಲ್ಲ. ಪಂದ್ಯವಿಲ್ಲದಿದ್ದರೆ ಜಿಲ್ಲಾ ಮಟ್ಟಕ್ಕೆ ಹೋಗುವ ಕನಸು ಕಂಡ ಹುಡುಗಿಗೆ ದಾರಿಯೂ ಇಲ್ಲ.

ಕುಸ್ತಿ ಕಣದಲ್ಲಿ ಉಳಿದ ಮರ್ಯಾದೆ

ಈ ನಡತೆ ಬೆಳಗಾವಿ ಸೀಮೆಗೆ ಹೊರಗಿನಿಂದ ತಂದು ಕಲಿಸಬೇಕಾದದ್ದೇನೂ ಅಲ್ಲ. ಇಲ್ಲಿನದು ಕುಸ್ತಿಯ ನೆಲ. ಗರಡಿಮನೆಯಲ್ಲಿ ವಸ್ತಾದ ಹೇಳಿದ್ದೇ ಮಾತು. ಆದರೆ ಕೆಂಪು ಮಣ್ಣಿನ ಕಣಕ್ಕೆ ಇಳಿದ ಮೇಲೆ ಪಂಚರ ಮಾತೇ ಮಾತು. ತನ್ನ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ವಸ್ತಾದ ನಿರ್ಧರಿಸುವುದಿಲ್ಲ. ಸಂಶಯವಿದ್ದರೆ ಹಿರಿಯರ ಮುಂದೆ ಕೇಳುತ್ತಾನೆ, ಉತ್ತರ ಸಿಕ್ಕ ಮೇಲೆ ಪೈಲ್ವಾನನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋಗುತ್ತಾನೆ. ಕಣದಲ್ಲಿ ಜಗಳ ನಡೆದದ್ದೇ ಇಲ್ಲವೆಂದಲ್ಲ. ಜಗಳ ತೆಗೆದವನನ್ನು ಊರು ದೊಡ್ಡ ವಸ್ತಾದನೆಂದು ಕರೆಯಲಿಲ್ಲ, ಅಷ್ಟೇ.

ಕಲಿಸುವವನ ಅಧಿಕಾರ ಎಲ್ಲಿಗೆ ಮುಗಿಯುತ್ತದೆ, ತೀರ್ಪು ಕೊಡುವವನ ಅಧಿಕಾರ ಎಲ್ಲಿಂದ ಆರಂಭವಾಗುತ್ತದೆ ಎಂಬ ಈ ಗೆರೆಯನ್ನು ಕುಸ್ತಿ ಬಲ್ಲ ಊರು ಬಾಸ್ಕೆಟ್‌ಬಾಲ್‌ನಲ್ಲೂ ಗುರುತಿಸುವುದು ಕಷ್ಟವಾಗಬಾರದು.

ರೆಫರಿ ಮೊದಲು ಬಂದ, ಕೋಚ್ ಆಮೇಲೆ

ಬಾಸ್ಕೆಟ್‌ಬಾಲ್ ಹುಟ್ಟಿದ ಕತೆಯಲ್ಲೇ ಇದಕ್ಕೆ ಆಧಾರವಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಉಪಾಧ್ಯಾಯ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಈ ಆಟವನ್ನು ರೂಪಿಸಿದ. ಪೀಚ್ ಹಣ್ಣಿನ ಎರಡು ಬುಟ್ಟಿ, ಒಂದು ಚೆಂಡು, ಒಂದೊಂದು ಬದಿಗೆ ಒಂಬತ್ತು ಜನ ಮತ್ತು 13 ನಿಯಮಗಳು. ಆ 13ರಲ್ಲಿ ಎರಡು ನಿಯಮಗಳು ತೀರ್ಪುಗಾರರಿಗೇ ಮೀಸಲು: ಅಂಪೈರ್ ಆಟಗಾರರ ಮೇಲೆ ಕಣ್ಣಿಟ್ಟು ಫೌಲ್ ಗುರುತಿಸಬೇಕು, ರೆಫರಿ ಚೆಂಡಿನ ಮೇಲೆ ಕಣ್ಣಿಟ್ಟು ಅಂಕ, ಸಮಯಗಳ ಲೆಕ್ಕ ಇಡಬೇಕು. ಕೋಚ್ ಎಂಬ ಶಬ್ದ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಕೋಚ್ ಬೆಂಚಿನ ಬಳಿ ಬಂದು ನೆಲೆಯೂರಿದ್ದು ನಿಧಾನವಾಗಿ. ಅಮೆರಿಕದ ಕಾಲೇಜು ಆಟದಲ್ಲಿ ಟೈಮ್‌ಔಟ್ ವೇಳೆ ಕೋಚ್ ತನ್ನ ಆಟಗಾರರ ಜತೆ ಮಾತಾಡಲು ಅನುಮತಿ ಸಿಕ್ಕಿದ್ದೇ 1948-49ರ ಹಂಗಾಮಿನಲ್ಲಿ. ಇಂದಿಗೂ ತಲಾ ಮೂವರು ಆಡುವ ಅರ್ಧ ಅಂಗಣದ ಬಾಸ್ಕೆಟ್‌ಬಾಲ್‌ನಲ್ಲಿ ಅಂಗಣದ ಬದಿಯಲ್ಲಿ ಕೋಚ್ ನಿಲ್ಲುವಂತಿಲ್ಲ. ಗ್ಯಾಲರಿಯಿಂದ ಸೂಚನೆ ಕೊಡುವಂತೆಯೂ ಇಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಸೇರ್ಪಡೆಯಾಯಿತು. ಕೋಚ್ ಇಲ್ಲದೆ ಪಂದ್ಯ ನಡೆದೀತು, ರೆಫರಿ ಇಲ್ಲದೆ ನಡೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇದು ಕೋಚ್‌ನ ಮಹತ್ವವನ್ನು ಕಡಿಮೆ ಮಾಡುವ ಮಾತಲ್ಲ. ಅವನ ಕೆಲಸ ತಂಡ ಕಟ್ಟುವುದು, ತೀರ್ಪು ಕಟ್ಟುವುದಲ್ಲ ಎಂದು ನೆನಪಿಸುವ ಮಾತು.

ಕೇಳಲು ಬಾಗಿಲುಗಳಿವೆ

ಹಾಗಾದರೆ ಕೋಚ್ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸಬೇಕೇ? ಖಂಡಿತ ಇಲ್ಲ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳು ಕೋಚ್‌ಗೆ ಹಲವು ಬಾಗಿಲುಗಳನ್ನು ತೆರೆದಿಟ್ಟಿವೆ. ಕೂಗಾಡುವವರಲ್ಲಿ ಬಹಳ ಜನ ಈ ಬಾಗಿಲುಗಳನ್ನು ತಟ್ಟಿಯೇ ನೋಡಿರುವುದಿಲ್ಲ.

ಮೊದಲನೆಯದು ಪ್ರಶ್ನೆಯ ಬಾಗಿಲು. ಚೆಂಡು ಆಟದಿಂದ ಹೊರಗಿದ್ದು ಗಡಿಯಾರ ನಿಂತಿರುವಾಗ ಮುಖ್ಯ ಕೋಚ್ ಸೌಜನ್ಯದಿಂದ ರೆಫರಿಯ ಬಳಿ ಮಾಹಿತಿ ಕೇಳಬಹುದು. ತಂಡದ ನಾಯಕನಿಗೂ ಇದೇ ಹಕ್ಕಿದೆ. ಸಹಾಯಕ ಕೋಚ್‌ಗೆ, ಉಳಿದ ಆಟಗಾರರಿಗೆ ಇಲ್ಲ. ಇಲ್ಲಿ ‘ಮಾಹಿತಿ’ ಎಂಬ ಮಾತನ್ನು ಗಮನಿಸಬೇಕು. ‘ಸರ್, ಅದು ಯಾವ ಫೌಲ್?’ ಎಂಬುದು ಮಾಹಿತಿ ಕೇಳಿದಂತೆ. ‘ಅದ್ಯಾವ ಫೌಲ್ರೀ?’ ಎಂಬುದು ಜಗಳಕ್ಕೆ ಕರೆದಂತೆ. ಪದಗಳು ಹೆಚ್ಚು ಕಡಿಮೆ ಅವೇ, ಧ್ವನಿ ಬೇರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಎರಡನೆಯದು ಟೈಮ್‌ಔಟ್. ಮೊದಲರ್ಧದಲ್ಲಿ ಎರಡು, ದ್ವಿತೀಯಾರ್ಧದಲ್ಲಿ ಮೂರು. ಒಂದೊಂದೂ ಒಂದು ನಿಮಿಷದ್ದು. ಇದನ್ನು ರೆಫರಿಯತ್ತ ಕೂಗಿ ಕೇಳುವ ಅಭ್ಯಾಸ ಹಲವರಿಗಿದೆ. ಕೇಳಬೇಕಾದದ್ದು ಅಂಕಪಟ್ಟಿಯ ಟೇಬಲ್‌ನಲ್ಲಿ, ಸ್ಪಷ್ಟವಾಗಿ, ಕೈಸನ್ನೆ ಸಹಿತ. ಸತತ ಎರಡು ತೀರ್ಪು ವಿರುದ್ಧವಾಗಿ ಬಂದು ಹುಡುಗರು ಕಂಗೆಟ್ಟಾಗ ಜಾಣ ಕೋಚ್ ರೆಫರಿಯ ಕಡೆ ತಿರುಗುವುದಿಲ್ಲ, ಟೇಬಲ್ ಕಡೆ ತಿರುಗುತ್ತಾನೆ. ಆ ಒಂದು ನಿಮಿಷ ತಂಡದ ಮನಸ್ಸು ತಣಿಸಲು ಸಾಕು.

ಮೂರನೆಯದು ತಪ್ಪು ತಿದ್ದಿಸುವ ಬಾಗಿಲು. ಸಲ್ಲದ ಫ್ರೀ ಥ್ರೋ ಕೊಟ್ಟಿದ್ದು, ಸಲ್ಲಬೇಕಾದದ್ದು ಕೊಡದೇ ಇದ್ದದ್ದು, ತಪ್ಪು ಆಟಗಾರ ಫ್ರೀ ಥ್ರೋ ಎಸೆದದ್ದು, ಅಂಕವನ್ನು ತಪ್ಪಾಗಿ ಕೊಟ್ಟದ್ದು ಅಥವಾ ರದ್ದು ಮಾಡಿದ್ದು, ಇವನ್ನು ಆಟದ ನಡುವೆಯೇ ಸರಿಪಡಿಸಲು ಅವಕಾಶವಿದೆ. ಆದರೆ ಅದಕ್ಕೆ ಅವಧಿಯ ಮಿತಿ ಇದೆ: ತಪ್ಪಾದ ಬಳಿಕ ಗಡಿಯಾರ ಓಡತೊಡಗಿ, ಆಮೇಲೆ ಮೊದಲ ಬಾರಿ ಆಟ ನಿಂತಾಗ, ಚೆಂಡು ಮತ್ತೆ ಆಟಕ್ಕೆ ಬರುವ ಮೊದಲೇ ಅದು ಗಮನಕ್ಕೆ ಬರಬೇಕು. ಹತ್ತು ನಿಮಿಷ ಹಿಂದಿನ ಫೌಲ್ ಬಗ್ಗೆ ಗೊಣಗುತ್ತ ಕುಳಿತ ಕೋಚ್ ಈಗ ಕಣ್ಣೆದುರಿಗೇ ಆದ ಅಂಕದ ತಪ್ಪನ್ನು ನೋಡದೇ ಹೋದರೆ ನಷ್ಟ ಯಾರಿಗೆ?

ನಾಲ್ಕನೆಯದು ಪ್ರತಿಭಟನೆ. ಪಂದ್ಯ ಮುಗಿದ 15 ನಿಮಿಷದೊಳಗೆ ನಾಯಕ ಮುಖ್ಯ ರೆಫರಿಗೆ ತಿಳಿಸಿ ಅಂಕಪಟ್ಟಿಯಲ್ಲಿ ಸಹಿ ಮಾಡಬೇಕು. ಅಂಕ ಅಥವಾ ಸಮಯದ ಲೆಕ್ಕದಲ್ಲಿ ತಿದ್ದದೇ ಉಳಿದ ತಪ್ಪು, ಪಂದ್ಯವನ್ನು ರದ್ದು ಮಾಡಿದ ಅಥವಾ ಮುಂದುವರಿಸದ ನಿರ್ಧಾರ, ಆಟಗಾರನ ಅರ್ಹತೆಯ ಪ್ರಶ್ನೆ, ಇವುಗಳಿಗೆ ಮಾತ್ರ ಪ್ರತಿಭಟನೆ ಸಲ್ಲುತ್ತದೆ. ‘ಅದು ಫೌಲ್ ಆಗಿರಲಿಲ್ಲ’ ಎಂಬುದು ಪ್ರತಿಭಟನೆಗೆ ಕಾರಣವೇ ಅಲ್ಲ. ಬರೆದು ಕೊಟ್ಟರೂ ಬದಲಾಗದ ತೀರ್ಪು ಕೂಗಿದರೆ ಬದಲಾಗುವುದೇ?

ಬಾಯಿ ತಪ್ಪಿದರೆ ಒಂದು ಅಂಕ

ಬಾಗಿಲು ಬಿಟ್ಟು ಗೋಡೆ ಹಾರಿದವನಿಗೆ ಶಿಕ್ಷೆಯೂ ಇದೆ. ರೆಫರಿಯೊಡನೆ ಅಗೌರವದಿಂದ ಮಾತಾಡುವುದು, ಎಚ್ಚರಿಕೆ ಕೊಟ್ಟರೂ ಕೇಳದಿರುವುದು, ಪ್ರೇಕ್ಷಕರನ್ನು ಕೆರಳಿಸುವಂತೆ ಕೈ ಬೀಸುವುದು, ಇವೆಲ್ಲ ಟೆಕ್ನಿಕಲ್ ಫೌಲ್‌ನ ಪಟ್ಟಿಯಲ್ಲಿವೆ. ಕೋಚ್‌ನ ಸ್ವಂತ ನಡತೆಗೆ ಬಿದ್ದ ಫೌಲ್ ಅಂಕಪಟ್ಟಿಯಲ್ಲಿ ‘ಸಿ’ ಎಂದು, ಬೆಂಚಿನಲ್ಲಿರುವ ಉಳಿದವರಿಂದಾದದ್ದು ‘ಬಿ’ ಎಂದು ದಾಖಲಾಗುತ್ತದೆ. ಬೆಂಚಿನ ಹುಡುಗರು ಕೂಗಿದರೂ ಅದು ಬೀಳುವುದು ಕೋಚ್‌ನ ಲೆಕ್ಕಕ್ಕೇ. ಎರಡು ‘ಸಿ’ ಆದರೆ, ಇಲ್ಲವೇ ಎಲ್ಲ ಸೇರಿ ಮೂರಾದರೆ ಕೋಚ್ ಅಂಗಣ ಬಿಟ್ಟು ಹೊರನಡೆಯಬೇಕು.

ಪ್ರತಿ ಟೆಕ್ನಿಕಲ್ ಫೌಲ್‌ಗೆ ಎದುರಾಳಿಗೆ ಒಂದು ಫ್ರೀ ಥ್ರೋ. ಹಿಂದಿನ ನಿಯಮದಲ್ಲಿ ಕೋಚ್‌ನ ತಪ್ಪಿಗೆ ಎರಡು ಫ್ರೀ ಥ್ರೋ, ಜತೆಗೆ ಚೆಂಡೂ ಎದುರಾಳಿಗೇ ಸಿಗುತ್ತಿತ್ತು. ಈಗಿನದು ಹಗುರವೆಂದು ತೋರಿದರೂ ಲೆಕ್ಕ ಹಾಕಿ ನೋಡಬೇಕು. ಖಾನಾಪುರದ ಒಂದು ಶಾಲೆಯ ಹುಡುಗಿಯರು ಕೊನೆಯ ನಿಮಿಷದಲ್ಲಿ 38-37ರಿಂದ ಮುಂದಿದ್ದಾರೆ ಎಂದಿಟ್ಟುಕೊಳ್ಳೋಣ. ಸೀಟಿ ಮೊಳಗುತ್ತದೆ, ಕೋಚ್ ಕೂಗುತ್ತಾನೆ, ಟೆಕ್ನಿಕಲ್ ಬೀಳುತ್ತದೆ. ಎದುರಾಳಿಗಳು ತಮ್ಮಲ್ಲಿ ಗುರಿ ತಪ್ಪದವಳನ್ನೇ ಆರಿಸಿ ಗೆರೆಯ ಮೇಲೆ ನಿಲ್ಲಿಸುತ್ತಾರೆ. ಅವಳೆದುರು ತಡೆಯುವವರು ಯಾರೂ ಇಲ್ಲ. 38-38. ಹುಡುಗಿಯರು ಮೂವತ್ತೊಂಬತ್ತು ನಿಮಿಷ ಬೆವರು ಸುರಿಸಿ ಗಳಿಸಿದ ಮುನ್ನಡೆಯನ್ನು ಬೆವರದವನೊಬ್ಬ ಒಂದು ಮಾತಿನಲ್ಲಿ ಕಳೆದ.

ಕೋಚ್ ಹೊರಗೆ ಹೋದರಂತೂ ಪರಿಸ್ಥಿತಿ ಇನ್ನೂ ಕಠಿಣ. ಮೊದಲ ಸಹಾಯಕ ಕೋಚ್ ಇದ್ದರೆ ಅವರು ತಂಡ ನೋಡಿಕೊಳ್ಳುತ್ತಾರೆ. ಹಳ್ಳಿಯ ಹೈಸ್ಕೂಲಿನಿಂದ ಒಬ್ಬರೇ ಮಾಸ್ತರರು ತಂಡ ಕರೆದುಕೊಂಡು ಬಂದಿದ್ದರೆ? ನಿಯಮದ ಪ್ರಕಾರ ತಂಡದ ನಾಯಕಿಯೇ ಕೋಚ್‌ನ ಸ್ಥಾನದಲ್ಲಿ ನಿಲ್ಲಬೇಕು. ಹದಿನೈದು ವರ್ಷದ ಹುಡುಗಿ ಆಡಲೂಬೇಕು, ಟೈಮ್‌ಔಟ್ ಕೇಳಲೂಬೇಕು, ಬದಲಿ ಆಟಗಾರ್ತಿಯನ್ನು ಕಳಿಸಲೂಬೇಕು. ಅವಳಿಗೆ ಆಸರೆಯಾಗಬೇಕಾದವರು ತಮ್ಮ ಸಿಟ್ಟಿನಿಂದಲೇ ಅವಳನ್ನು ಒಂಟಿಯಾಗಿಸಿದಂತಾಗುತ್ತದೆ.

ಅಂತಿಮ ಗಂಟೆ ಬಾರಿಸಿದ ಮೇಲೆ ಏನು ಬೇಕಾದರೂ ಹೇಳಬಹುದು ಎಂದು ತಿಳಿಯುವವರೂ ಇದ್ದಾರೆ. ಅದೂ ಸರಿಯಲ್ಲ. ಪಂದ್ಯದೊಂದಿಗೆ ರೆಫರಿಯ ಸಂಬಂಧ ಮುಗಿಯುವುದು ಅಂಕಪಟ್ಟಿಗೆ ಸಹಿ ಬಿದ್ದ ಮೇಲೆಯೇ. ಅಲ್ಲಿಯವರೆಗಿನ ದುರ್ವರ್ತನೆಯನ್ನು ಅಂಕಪಟ್ಟಿಯ ಹಿಂಬದಿಯಲ್ಲಿ ಬರೆದು ಸಂಘಟಕರಿಗೆ ವರದಿ ಕಳಿಸುವುದು ಮುಖ್ಯ ರೆಫರಿಯ ಕರ್ತವ್ಯ.

ಕಣ್ಣು ನಿಂತ ಜಾಗ ಬೇರೆ

ಕೋಚ್‌ಗೆ ಸಿಟ್ಟು ಬರುವುದು ಬಹುತೇಕ ‘ನಾನು ಕಣ್ಣಾರೆ ಕಂಡೆ’ ಎಂಬ ನಂಬಿಕೆಯಿಂದ. ಆದರೆ ಅಂಗಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಇಬ್ಬರು ರೆಫರಿಗಳಿರುವಾಗ ಒಬ್ಬರು ಬುಟ್ಟಿಯ ಕೆಳಗಿನ ಕೊನೆಯ ಗೆರೆಯ ಬಳಿ, ಇನ್ನೊಬ್ಬರು ಆಕ್ರಮಣದ ಹಿಂದೆ ನಿಂತು ಆಟಗಾರರಿಬ್ಬರ ನಡುವಿನ ಸಂದು ಕಾಣುವಂತೆ ಜಾಗ ಹಿಡಿಯುತ್ತಾರೆ. ಕೋಚ್ ನಿಂತಿರುವುದು ಬೆಂಚಿನ ಬಳಿ, ಬದಿಯಲ್ಲಿ. ಎದುರಿನ ಬುಟ್ಟಿಯ ಕೆಳಗೆ ಕೈ ತಾಗಿತೋ ಚೆಂಡು ತಾಗಿತೋ ಎಂಬುದು ಅಲ್ಲಿಂದ ಕಾಣುವುದು ಅಪರೂಪ.

ಡಿಕ್ಕಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ರಕ್ಷಣೆಗೆ ನಿಂತವನು ಎರಡೂ ಕಾಲು ನೆಲಕ್ಕೂರಿ ಎದುರಾಳಿಗೆ ಮುಖಮಾಡಿ ಮೊದಲೇ ಜಾಗ ಹಿಡಿದಿದ್ದರೆ ಎದೆಗೆ ಗುದ್ದಿದ ಆಕ್ರಮಣಕಾರನದೇ ಫೌಲ್. ಜಾಗ ಹಿಡಿಯುವುದು ತಡವಾಗಿದ್ದರೆ ಫೌಲ್ ರಕ್ಷಕನದು. ಬುಟ್ಟಿಯ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತದೊಳಗೆ ಕಾಲಿಟ್ಟು ನಿಂತವನ ಮೇಲೆ ಚೆಂಡು ಹಿಡಿದು ಜಿಗಿದವನು ಬಿದ್ದರೆ ಲೆಕ್ಕ ಮತ್ತೆ ಬೇರೆ. ಇಷ್ಟನ್ನೂ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ನಿರ್ಧರಿಸಬೇಕು. ಮಳೆಗೆ ಗೆರೆ ಮಾಸಿದ ಸಿಮೆಂಟ್ ಅಂಗಣದಲ್ಲಿ ಈ ಕೆಲಸ ಎಷ್ಟು ಕಷ್ಟವೆಂದು ಒಮ್ಮೆ ಸೀಟಿ ಹಿಡಿದು ನೋಡಿದವರಿಗೇ ಗೊತ್ತು.

ನಿಯಮ ಬದಲಾಗಿದ್ದು ತಿಳಿಯದೆ ಕೂಗುವವರೂ ಉಂಟು. 2017ರ ಅಕ್ಟೋಬರ್ 1ರಿಂದ ಟ್ರಾವೆಲಿಂಗ್ ನಿಯಮ ಬದಲಾಯಿತು. ಓಡುತ್ತ ಚೆಂಡು ಹಿಡಿಯುವಾಗ ಆ ಕ್ಷಣದಲ್ಲಿ ನೆಲದ ಮೇಲಿದ್ದ ಕಾಲು ಲೆಕ್ಕಕ್ಕಿಲ್ಲ. ಅದರ ನಂತರದ ಹೆಜ್ಜೆಯೇ ಮೊದಲನೆಯದು, ಹಾಗೆ ಎರಡು ಹೆಜ್ಜೆ ಸಲ್ಲುತ್ತದೆ. ಹಳೆಯ ಲೆಕ್ಕದಲ್ಲಿ ಎಣಿಸಿದವರಿಗೆ ಇದು ಮೂರು ಹೆಜ್ಜೆಯಂತೆ ಕಾಣುತ್ತದೆ. 1990ರ ದಶಕದಲ್ಲಿ ಆಡಿ ಬಂದ ಕೋಚ್, ಗ್ಯಾಲರಿಯಲ್ಲಿ ಕುಳಿತ ಮಾಜಿ ಆಟಗಾರ ‘ಟ್ರಾವೆಲ್, ಟ್ರಾವೆಲ್’ ಎಂದು ಕೂಗುವಾಗ ರೆಫರಿ ಸುಮ್ಮನಿರುವುದು ಕುರುಡಿನಿಂದಲ್ಲ, ಹೊಸ ಪುಸ್ತಕ ಓದಿದ್ದರಿಂದ.

ನಾಲ್ಕು ಭಾಷೆಯ ಊರಿನಲ್ಲಿ ಕೈಸನ್ನೆಯ ಭಾಷೆ

ಬೆಳಗಾವಿ, ಖಾನಾಪುರದ ಮೈದಾನಗಳಿಗೆ ಇನ್ನೊಂದು ವಿಶೇಷವಿದೆ. ಒಂದೇ ತಂಡದಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮನೆಮಾತಿನ ಮಕ್ಕಳು ಇರುತ್ತಾರೆ. ಇಲ್ಲಿ ಮಾತಿಗೆ ಬೇಗ ಬಣ್ಣ ಹತ್ತುತ್ತದೆ. ಕೋಚ್ ತನ್ನ ಭಾಷೆಯಲ್ಲಿ ರೆಫರಿಗೆ ಏನೋ ಹೇಳಿದರೆ, ಆ ಭಾಷೆ ಬಾರದ ಎದುರಾಳಿಗೆ ಏನೋ ಒಳಮಾತು ನಡೆಯಿತೆಂಬ ಗುಮಾನಿ. ಸಿಟ್ಟಿನಲ್ಲಿ ಹೇಳಿದರೆ ಆಟದ ಜಗಳ ಊರಿನ ಜಗಳವಾಗುವ ಭಯ.

ಬಾಸ್ಕೆಟ್‌ಬಾಲ್ ಇದಕ್ಕೊಂದು ಸೊಗಸಾದ ಉಪಾಯ ಇಟ್ಟುಕೊಂಡಿದೆ. ರೆಫರಿ ಮುಷ್ಟಿ ಎತ್ತಿದರೆ ಫೌಲ್, ಅಂಗೈ ತೆರೆದು ಕೈ ಎತ್ತಿದರೆ ಬೇರೆ ನಿಯಮಭಂಗ. ಬಳಿಕ ಟೇಬಲ್ ಕಡೆಗೆ ಬಂದು ಆಟಗಾರನ ಸಂಖ್ಯೆ, ಫೌಲ್‌ನ ಬಗೆ, ಶಿಕ್ಷೆ ಮೂರನ್ನೂ ಬೆರಳು-ಕೈಗಳಲ್ಲೇ ತೋರಿಸುತ್ತಾರೆ. ಈ ಸನ್ನೆಗಳನ್ನು ಕೋಚ್ ತಾನು ಕಲಿತು ಮಕ್ಕಳಿಗೂ ಕಲಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಏಕೆಂದರೆ ‘ಯಾಕೆ ಸೀಟಿ ಹೊಡೆದರು?’ ಎಂಬ ಪ್ರಶ್ನೆಗೆ ಉತ್ತರ ಕೇಳುವ ಮೊದಲೇ ಕಾಣುತ್ತದೆ.

ದೊಡ್ಡವರ ದೊಡ್ಡ ತಪ್ಪುಗಳು

ಹೆಸರಾಂತ ಕೋಚ್‌ಗಳೂ ಎಡವಿದ್ದಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಗೆದ್ದುಕೊಟ್ಟ ಕೋಚ್ ಬಾಬ್ ನೈಟ್. ಮರುವರ್ಷ, 1985ರ ಫೆಬ್ರುವರಿ 23ರಂದು, ಇಂಡಿಯಾನಾ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳ ಪಂದ್ಯದಲ್ಲಿ ರೆಫರಿಗಳ ಮೇಲಿನ ಸಿಟ್ಟಿಗೆ ಆತ ಬೆಂಚಿನ ಪ್ಲಾಸ್ಟಿಕ್ ಕುರ್ಚಿಯನ್ನೇ ಅಂಗಣಕ್ಕೆ ಎಸೆದ. ಆತನನ್ನು ಹೊರಗೆ ಕಳಿಸಲಾಯಿತು, ತಂಡ ಸೋತಿತು, ಮರುದಿನ ಆತ ಕ್ಷಮೆ ಕೇಳಿದ, ಒಂದು ಪಂದ್ಯದ ನಿಷೇಧವನ್ನೂ ಅನುಭವಿಸಿದ. ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್ ಮೂರು ಸಲ ಗೆದ್ದ ಈ ಕೋಚ್‌ನ ಹೆಸರೆತ್ತಿದರೆ ಜನರಿಗೆ ಇಂದಿಗೂ ಮೊದಲು ನೆನಪಾಗುವುದು ಆ ಕುರ್ಚಿ.

ಟೇಬಲ್ ಬಳಿಯ ಗೊಂದಲ ಎಲ್ಲಿಗೆ ಮುಟ್ಟೀತು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಉದಾಹರಣೆ. ಮೂರು ಸೆಕೆಂಡು ಉಳಿದಿರುವಾಗ ಅಮೆರಿಕ 50-49ರಿಂದ ಮುಂದಿತ್ತು. ತಾವು ಟೈಮ್‌ಔಟ್ ಕೇಳಿದ್ದೆವು, ಕೊಡಲಿಲ್ಲ ಎಂದು ಸೋವಿಯತ್ ತಂಡದವರು ಟೇಬಲ್ ಕಡೆ ಧಾವಿಸಿದರು. ಗಡಿಯಾರ ಸರಿಪಡಿಸುವ ಗೊಂದಲದಲ್ಲಿ ಕೊನೆಯ ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಲಾಯಿತು. ಮೂರನೆಯ ಸಲ ಅಲೆಕ್ಸಾಂಡರ್ ಬೆಲೋವ್ ಚೆಂಡು ಬುಟ್ಟಿಗೆ ಹಾಕಿ 51-50ರಿಂದ ಸೋವಿಯತ್ ಒಕ್ಕೂಟವನ್ನು ಗೆಲ್ಲಿಸಿದ. ಅಮೆರಿಕದ ಪ್ರತಿಭಟನೆಯನ್ನು ಐವರ ಸಮಿತಿ 3-2 ಮತಗಳಿಂದ ತಳ್ಳಿಹಾಕಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ಸ್ವೀಕರಿಸಲೇ ಇಲ್ಲ. ತಪ್ಪು ಯಾರದು ಎಂಬ ವಾದ ಇನ್ನೂ ಮುಗಿದಿಲ್ಲ. ಟೈಮ್‌ಔಟ್ ಕೋರಿಕೆ ಟೇಬಲ್‌ಗೆ ಸ್ಪಷ್ಟವಾಗಿ ತಲುಪುವುದು ಎಷ್ಟು ಮುಖ್ಯ ಎಂಬ ಪಾಠವಂತೂ ಉಳಿದಿದೆ.

ಅನ್ಯಾಯವೇ ಆಗಿದ್ದರೆ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಹಿ ಪ್ರಶ್ನೆ ಉಳಿಯುತ್ತದೆ. ಮುಂಜಾನೆ ಖಾನಾಪುರದಿಂದ ಬಸ್ಸಿಗೋ ಲೋಂಡಾ ಕಡೆಯಿಂದ ರೈಲಿಗೋ ಹತ್ತಿ ಬೆಳಗಾವಿಗೆ ಬಂದ ಹಳ್ಳಿಯ ತಂಡಕ್ಕೆ ‘ನಗರದ ಶಾಲೆಯವರ ಕಡೆಗೇ ಸೀಟಿ ವಾಲುತ್ತದೆ’ ಎಂಬ ಅನುಮಾನ ಬರುವುದುಂಟು. ಅದು ಕೆಲವೊಮ್ಮೆ ನಿಜವೂ ಇದ್ದೀತು. ರೆಫರಿ ಕೂಡ ಮನುಷ್ಯ. ಆತ ದಣಿಯುತ್ತಾನೆ, ತಪ್ಪುತ್ತಾನೆ, ಪರಿಚಿತರಿಗೆ ಅರಿವಿಲ್ಲದೇ ವಾಲಲೂಬಹುದು. ಎಲ್ಲವನ್ನೂ ಸಹಿಸಿ ಎಂದು ಮಕ್ಕಳಿಗೆ ಹೇಳಿದರೆ ಅದು ಶಿಸ್ತಲ್ಲ, ಅಂಜಿಕೆ.

ಆದರೆ ಅದಕ್ಕೆ ಮದ್ದು ಅಂಗಣದ ಕೂಗಾಟದಲ್ಲಿಲ್ಲ. ಪಂದ್ಯಕ್ಕೆ ಮೊದಲೇ ಸಂಘಟಕರನ್ನು ಕಂಡು, ಆಡುವ ಎರಡೂ ಶಾಲೆಗಳಿಗೆ ಸೇರದ ರೆಫರಿಗಳನ್ನು ಕೇಳುವುದು ನ್ಯಾಯವಾದ ಬೇಡಿಕೆ. ಆಟದ ವೇಳೆ ಯಾವ ನಿಮಿಷದಲ್ಲಿ ಏನಾಯಿತು ಎಂದು ಬರೆದಿಡಬಹುದು. ಮುಗಿದ ಮೇಲೆ ಹುಡುಗರ ಮುಂದೆ ಅಲ್ಲದೆ, ಸಂಘಟಕರ ಮುಂದೆ, ಲಿಖಿತವಾಗಿ ದೂರು ಕೊಡಬಹುದು. ಹೀಗೆ ಕೊಟ್ಟ ದೂರಿಗೆ ತೂಕವಿರುತ್ತದೆ; ಕೂಗಿದವನ ದೂರಿನಲ್ಲಿ ಜನ ಕೂಗನ್ನಷ್ಟೇ ನೆನಪಿಡುತ್ತಾರೆ.

ರೆಫರಿಗೂ ಋಣವಿದೆ. ಸೌಜನ್ಯದಿಂದ ಕೇಳಿದ ಕೋಚ್‌ಗೆ ಒಂದು ಸಾಲಿನ ಉತ್ತರ ಕೊಡುವುದು, ಸಣ್ಣ ಮಾತಿಗೆ ಮೊದಲು ಎಚ್ಚರಿಕೆ ಹೇಳಿ ಆಮೇಲೆ ಟೆಕ್ನಿಕಲ್ ಕೊಡುವುದು, ಗೊತ್ತಾದ ತಪ್ಪನ್ನು ತಿದ್ದಿಕೊಳ್ಳಲು ಹಿಂಜರಿಯದಿರುವುದು. ಖಾನಾಪುರದ ಮಳೆಯಲ್ಲಿ ಅಂಗಣ ಜಾರುತ್ತಿದ್ದರೆ ಆಟ ನಿಲ್ಲಿಸುವ ಅಧಿಕಾರ ಮುಖ್ಯ ರೆಫರಿಗಿದೆ. ಅದನ್ನು ಇಬ್ಬರೂ ಕೋಚ್‌ಗಳಿಗೆ ಒಟ್ಟಿಗೆ ಕರೆದು ಹೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಪಾಲಕರ ಪಾಲು

ಕೋಚ್‌ನ ಬೆನ್ನಿಗೆ ಪಾಲಕರು ನಿಂತಿರುತ್ತಾರೆ. ‘ಏನ್ರೀ ಮಾಸ್ತರ, ಸುಮ್ಮನೆ ನಿಂತೀರಲ್ಲ, ಕೇಳ್ರೀ’ ಎಂಬ ಅವರ ಒತ್ತಾಯಕ್ಕೇ ಎಷ್ಟೋ ಕೋಚ್‌ಗಳು ಬಾಯಿ ತೆರೆಯುತ್ತಾರೆ. ಸುಮ್ಮನೆ ನಿಂತವನು ಅಸಮರ್ಥ, ಕೂಗಿದವನು ಮಕ್ಕಳ ಪರ ಎಂಬ ತಪ್ಪು ಎಣಿಕೆ ಇದಕ್ಕೆ ಕಾರಣ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪ್ರತಿ ಸೋಲಿಗೂ ರೆಫರಿಯನ್ನೇ ಕಾರಣ ಮಾಡಿದರೆ ಮಗ ತನ್ನ ಎಡಗೈ ಡ್ರಿಬಲ್ ಸುಧಾರಿಸಬೇಕೆಂಬುದನ್ನು ಎಂದಿಗೂ ಕಲಿಯುವುದಿಲ್ಲ. ಮನೆಗೆ ಬಂದ ಮಗಳಿಗೆ ‘ರೆಫರಿ ಸೋಲಿಸಿದನೇ?’ ಎನ್ನುವ ಬದಲು ‘ನೀ ಹೆಂಗ ಆಡಿದಿ?’ ಎಂದು ಕೇಳಿದರೆ ಸಾಕು.

ಕೋಚ್‌ಗಳು ಮಾಡಬೇಕಾದದ್ದೂ ಬೆಟ್ಟದಷ್ಟೇನಿಲ್ಲ. ಪಂದ್ಯಕ್ಕೆ 40 ನಿಮಿಷ ಮೊದಲು ಆಟಗಾರರ ಪಟ್ಟಿಯನ್ನು ಟೇಬಲ್‌ಗೆ ಕೊಡಲು ಹೋದಾಗಲೇ ರೆಫರಿಗಳ ಕೈಕುಲುಕಿ ಪರಿಚಯ ಹೇಳಿಕೊಳ್ಳುವುದು. ರೆಫರಿಯೊಡನೆ ಮಾತಾಡುವ ಕೆಲಸ ತನ್ನದು ಮತ್ತು ನಾಯಕನದು ಮಾತ್ರವೆಂದು ತಂಡಕ್ಕೆ ಮೊದಲೇ ಹೇಳಿಡುವುದು. ಇಡೀ ಪಂದ್ಯಕ್ಕೆ ಎರಡೋ ಮೂರೋ ಪ್ರಶ್ನೆ ಸಾಕೆಂದು ಮಿತಿ ಹಾಕಿಕೊಳ್ಳುವುದು. ಬೆಂಚಿನ ಜಾಗದ ಗೆರೆ ದಾಟದಿರುವುದು. ಸೋತರೂ ಗೆದ್ದರೂ ಹುಡುಗರನ್ನು ಸಾಲಾಗಿ ಕರೆದೊಯ್ದು ರೆಫರಿಗಳಿಗೆ ಮತ್ತು ಟೇಬಲ್‌ನವರಿಗೆ ವಂದನೆ ಹೇಳಿಸುವುದು.

ಅಭ್ಯಾಸದ ದಿನಗಳಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಬಹುದು. ವಾರಕ್ಕೊಮ್ಮೆ ತಂಡವನ್ನು ಎರಡಾಗಿಸಿ ಆಡಿಸುವಾಗ ಸೀಟಿಯನ್ನು ಆಟಗಾರರಲ್ಲೇ ಒಬ್ಬರ ಕೈಗೆ ಕೊಡಬೇಕು. ಗೆಳೆಯನ ಮೇಲೆ ಫೌಲ್ ಕೊಡಬೇಕಾಗಿ ಬಂದಾಗ, ಎರಡೂ ಕಡೆಯವರು ಒಟ್ಟಿಗೆ ‘ಏ’ ಎಂದು ಕೂಗಿದಾಗ, ಆ ಹುಡುಗನಿಗೆ ಸೀಟಿಯ ಭಾರ ಗೊತ್ತಾಗುತ್ತದೆ. ಅವರಲ್ಲಿ ಒಂದಿಬ್ಬರಾದರೂ ಮುಂದೆ ಆ ಸೀಟಿಯನ್ನೇ ಇಷ್ಟಪಟ್ಟು ಹಿಡಿದರೆ, ಬೆಳಗಾವಿ-ಖಾನಾಪುರದ ಮುಂದಿನ ತಲೆಮಾರಿನ ಪಂದ್ಯಗಳಿಗೆ ರೆಫರಿಗಳ ಕೊರತೆ ಇರಲಾರದು.